ಮಗಳಿಗೆ ಸಮಾಜ ವಿಜ್ಞಾನ ಅಂದ್ರೆ ಇಷ್ಟ. ಹೈಸ್ಕೂಲಿನ ಮುಂದೆ ಯಾವ ಕೋರ್ಸು?

ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಮಗಳು ಸರ್ಕಾರಿ ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸು, ಕನ್ನಡ ಮಾಧ್ಯಮ. ಗಣಿತ, ವಿಜ್ಞಾನ ತಕ್ಕಮಟ್ಟಿಗೆ ಬರುತ್ತದೆ. ಆದರೆ ಯಾರೂ ಹೇಳದೆ ತಾನಾಗಿ ತೆಗೆದು ಓದುವುದು ಸಮಾಜದ ಪುಸ್ತಕ ಮಾತ್ರ. ಪೇಪರ್ ಬಂದರೆ ಕೋರ್ಟಿನ ಸುದ್ದಿ ಮೊದಲು ಓದುತ್ತಾಳೆ. ಅಟ್ಲಾಸ್ ಕೈಗೆ ಸಿಕ್ಕರೆ ಊಟ ಮರೆಯುತ್ತಾಳೆ.

ಮನೆಯಲ್ಲಿ ನೆಂಟರೆಲ್ಲ ಒಂದೇ ರಾಗ. ಎಂಬತ್ತೈದು ಪರ್ಸೆಂಟ್ ಬರುವ ಹುಡುಗಿ ಆರ್ಟ್ಸ್ ಯಾಕೆ ತಗೋಬೇಕು, ಸೈನ್ಸ್ ಹಾಕಿ ಅಂತ. ನನಗೆ ಅವಳ ಇಷ್ಟಕ್ಕೆ ಅಡ್ಡ ಬರುವ ಮನಸ್ಸಿಲ್ಲ. ಹಾಗಂತ ಕಣ್ಣು ಮುಚ್ಚಿ ಕಳಿಸುವ ಧೈರ್ಯವೂ ಇಲ್ಲ. ಪಿಯುಸಿಯಲ್ಲಿ ಸಮಾಜಕ್ಕೆ ಸಂಬಂಧಪಟ್ಟ ಯಾವ ಯಾವ ವಿಷಯ ಸಿಗುತ್ತವೆ? ಆಮೇಲೆ ಏನು ದಾರಿ? ಈಗ ಹತ್ತನೇ ಕ್ಲಾಸಿನಲ್ಲಿ ಇರುವಾಗಲೇ ಏನು ಮಾಡಿಸಬಹುದು? ಮಗ ಎಂಟನೇ ಕ್ಲಾಸಿನಲ್ಲಿದ್ದಾನೆ, ಅವನಿಗೂ ಉಪಯೋಗ ಆದೀತು. ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಅಡಿಕೆ ತೋಟ, ಹೊಸನಗರ

ಅಕ್ಕ, ನೇರವಾಗಿ ಹೇಳ್ತೇನೆ, ಬೇಜಾರು ಮಾಡ್ಕೋಬೇಡಿ. ನಮ್ಮ ಕಡೆ ಬಿಎ ಮುಗಿಸಿ ಮನೆಯಲ್ಲಿ ಕೂತವರು ಕಣ್ಣ ಮುಂದೆ ಇದ್ದಾರೆ. ಎಲೆಚುಕ್ಕಿ ರೋಗ ಬಂದ ಮೇಲೆ ತೋಟ ನಂಬಿ ಇರುವ ಕಾಲವೂ ಅಲ್ಲ. ಹೆಣ್ಣುಮಗಳು ತನ್ನ ಕಾಲ ಮೇಲೆ ನಿಲ್ಲಬೇಕು ಅಂದ್ರೆ ಸೈನ್ಸ್ ಓದಿಸಿ. ಅಲ್ಲಿಂದ ಬೇಕಾದರೆ ಆರ್ಟ್ಸಿಗೆ ಬರಬಹುದು. ಇಲ್ಲಿಂದ ಅಲ್ಲಿಗೆ ಹೋಗಲಿಕ್ಕೆ ಆಗೋದಿಲ್ಲ.

ಸಮಾಜ ಮೇಷ್ಟ್ರು, ಸಾಗರ

ಹೊಸನಗರದವರು ಹೇಳಿದ ಕೊನೆಯ ಮಾತು ನಿಜ. ಸೈನ್ಸಿನಿಂದ ಬಿಎ, ಕಾನೂನು ಎಲ್ಲಕ್ಕೂ ಬರಬಹುದು. ಆದರೆ ಎರಡು ವರ್ಷ ಮನಸ್ಸಿಲ್ಲದ ನಾಲ್ಕು ವಿಷಯ ಓದಿ, ಅಂಕ ಕಡಿಮೆ ಆಗಿ, ನನ್ನ ಕೈಲಿ ಏನೂ ಆಗಲ್ಲ ಅಂತ ಮಗು ಕುಗ್ಗಿಹೋದರೆ ಆ ಬಾಗಿಲು ತೆರೆದಿದ್ದು ಏನು ಉಪಯೋಗ? ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವನು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ತುಂಗಾತೀರ ಮೇಡಂ, ನಿಮ್ಮ ಮಗಳಿಗೆ "ಸಮಾಜ ಇಷ್ಟ" ಅಂದರೆ ಅಷ್ಟಕ್ಕೇ ಏನೂ ಗೊತ್ತಾಗುವುದಿಲ್ಲ. ನಮ್ಮ ರಾಜ್ಯದ ಪಠ್ಯದಲ್ಲಿ ಎಂಟರಿಂದ ಹತ್ತರವರೆಗೆ ಸಮಾಜ ವಿಜ್ಞಾನ ಅಂದರೆ ಒಂದು ವಿಷಯ ಅಲ್ಲ, ಆರು. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ. ಆರೂ ಒಂದೇ ಪಠ್ಯದಲ್ಲಿ, ಒಬ್ಬರೇ ಮೇಷ್ಟ್ರು, ಒಂದೇ 100 ಅಂಕ. ಹಾಗಾಗಿ ಮಕ್ಕಳಿಗೂ ಮನೆಯವರಿಗೂ ಎಲ್ಲಾ ಒಂದೇ ಅನಿಸುತ್ತದೆ. ಪಿಯುಸಿಗೆ ಹೋದ ದಿನ ಇವು ಬೇರೆ ಬೇರೆ ಆಗುತ್ತವೆ. ಅಲ್ಲಿ ಹೋಗಿ ಕಂಗಾಲಾಗುವ ಬದಲು ಈಗಲೇ ಬಿಡಿಸಿ ನೋಡಬೇಕು. ನನ್ನ ಮಟ್ಟಿಗೆ ಇದೇ ಮೊದಲ ಕೆಲಸ. ಕಾಂಬಿನೇಷನ್, ಅಂದರೆ ಪಿಯುಸಿಗೆ ಯಾವ ವಿಷಯಗಳ ಗುಂಪು ಅನ್ನುವ ಮಾತು ಆಮೇಲೆ.

ನೋಡುವುದು ಹೇಗೆ? ಅವಳು ಯಾವ ಪಾಠವನ್ನು ಪರೀಕ್ಷೆ ಇಲ್ಲದಾಗಲೂ ತೆಗೆಯುತ್ತಾಳೆ ನೋಡಿ. ಅಂಕ ನೋಡಬೇಡಿ, ಅಂಕ ಬಾಯಿಪಾಠಕ್ಕೂ ಬರುತ್ತದೆ. ಬ್ಯಾಂಕ್ ವ್ಯವಹಾರ, ಗ್ರಾಹಕ ಶಿಕ್ಷಣದ ಪಾಠ ಓದಿ ಮನೆಯ ಪಾಸ್‌ಬುಕ್ ಬಿಡಿಸಿ ಕೂರುವ ಮಗು ಒಂದು ಬಗೆ. ಸಾಮಾಜಿಕ ಸ್ತರೀಕರಣದ, ಅಂದರೆ ಸಮಾಜದ ಮೇಲುಕೀಳಿನ ಪಾಠ ಆದ ಮೇಲೆ "ನಮ್ಮೂರಲ್ಲಿ ಆ ಕೇರಿ ಯಾಕೆ ಬೇರೆ" ಅಂತ ಕೇಳುವ ಮಗು ಇನ್ನೊಂದು ಬಗೆ. ಎರಡೂ ಸಮಾಜವೇ, ಆದರೆ ದಾರಿ ಪೂರಾ ಬೇರೆ.

ಆ 100 ಅಂಕದಲ್ಲಿ 80 ಬರವಣಿಗೆ, 20 ಆಂತರಿಕ. ಈ 20ನ್ನು ಎಲ್ಲರೂ ಸುಮ್ನೆ ಚಾರ್ಟ್ ಅಂಟಿಸಿ ಮುಗಿಸುತ್ತಾರೆ. ನನ್ನ ಪ್ರಕಾರ ಮಗುವಿನ ನಿಜವಾದ ಒಲವು ಗೊತ್ತಾಗುವುದೇ ಅಲ್ಲಿ. ನಾನು ಮಕ್ಕಳಿಗೆ ಮನೆಯಿಂದ ಪಹಣಿ ತರಲು ಹೇಳುತ್ತೇನೆ. ಎರಡು ಪಹಣಿ, ಒಂದು ಈಗಿನದು, ಸಿಕ್ಕರೆ ಒಂದು ಎಪ್ಪತ್ತರ ದಶಕದ್ದು. ಒಂಬತ್ತನೇ ಕಾಲಂನಲ್ಲಿ ಮಾಲೀಕರು ಅಂತ ಯಾರ ಹೆಸರಿದೆ, ಹನ್ನೆರಡನೇ ಕಾಲಂನಲ್ಲಿ ಯಾರು ಸಾಗುವಳಿ ಮಾಡುತ್ತಿದ್ದರು ನೋಡು ಅಂತ. ಹಳೆಯದರಲ್ಲಿ ಎರಡು ಬೇರೆ ಬೇರೆ ಹೆಸರು, ಹೊಸದರಲ್ಲಿ ಒಂದೇ ಹೆಸರು. ಇದು ಯಾಕೆ ಅಂತ ಅಜ್ಜನನ್ನು ಕೇಳಿ ಬಾ ಅಂದರೆ, "ಡಿಕ್ಲರೇಶನ್ ಹಾಕಿದ್ದು, ಟ್ರಿಬ್ಯುನಲ್ಲಲ್ಲಿ ಆಯ್ತು" ಅನ್ನುವ ಕತೆ ಮನೆಯಲ್ಲೇ ಸಿಗುತ್ತದೆ. ಅಲ್ಲಿಂದ ಗೇಣಿದಾರರಿಗೆ ಜಮೀನಿನ ಹಕ್ಕು ಕೊಟ್ಟ 1974ರ ಭೂಸುಧಾರಣೆ ತಿದ್ದುಪಡಿಗೆ ಹೋಗುತ್ತೇವೆ. ಅಲ್ಲಿಂದ ಹಿಂದಕ್ಕೆ 1951ರ ಕಾಗೋಡು ಸತ್ಯಾಗ್ರಹಕ್ಕೆ. ಗೇಣಿ ಭತ್ತ ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕು ಅನ್ನುವ ಜಗಳ ಅದು. ಅದಕ್ಕೆ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಸಾಗರದವರೆಗೆ ಬಂದು ಬಂಧನಕ್ಕೊಳಗಾದರು. ಒಂದು ಪಹಣಿಯಲ್ಲಿ ಇತಿಹಾಸ, ಕಾನೂನು, ಅರ್ಥಶಾಸ್ತ್ರ, ಸಮಾಜಶಾಸ್ತ್ರ ನಾಲ್ಕೂ ಇವೆ. ಇದನ್ನು ನೋಡಿ ಕೆಲವರು ಹೋರಾಟದ ಕತೆ ಹಿಡಿಯುತ್ತಾರೆ. ಕೆಲವರು ಟ್ರಿಬ್ಯುನಲ್ ಹೇಗೆ ತೀರ್ಪು ಕೊಟ್ಟಿತು ಅಂತ ಕೇಳುತ್ತಾರೆ. ಕೆಲವರು ಎಕರೆಗೆ ಎಷ್ಟು ಭತ್ತ ಅಂತ ಲೆಕ್ಕ ಹಾಕುತ್ತಾರೆ. ಯಾರು ಏನು ಕೇಳಿದರು ಅಂತ ನಾನು ಬರೆದಿಟ್ಟುಕೊಳ್ಳುತ್ತೇನೆ. ಪೋಷಕರ ಸಭೆಯಲ್ಲಿ ಕಾಂಬಿನೇಷನ್ ಬಗ್ಗೆ ಕೇಳಿದಾಗ ಅದನ್ನೇ ಹೇಳುತ್ತೇನೆ.

ಪಿಯು ಉಪನ್ಯಾಸಕಿ, ಶಿಕಾರಿಪುರ

ಮೇಷ್ಟ್ರು ಚೆನ್ನಾಗಿ ಹೇಳಿದರು. ಪಿಯುಸಿ ವಿಷಯ ನಾನು ಹೇಳುತ್ತೇನೆ.

ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, ಒಟ್ಟು 600 ಅಂಕ. ಕಲಾ ವಿಭಾಗದಲ್ಲಿ ಹೆಚ್ಚು ಕಡೆ ಸಿಗುವುದು ಎಚ್‌ಇಪಿಎಸ್, ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಕೆಲವು ಕಡೆ ಇದರಲ್ಲಿ ಒಂದು ವಿಷಯದ ಬದಲು ಭೂಗೋಳ, ಐಚ್ಛಿಕ ಕನ್ನಡ ಅಥವಾ ಮನಃಶಾಸ್ತ್ರ ಇರುತ್ತದೆ. ವಾಣಿಜ್ಯದಲ್ಲಿ ಎಚ್‌ಇಬಿಎ ಇದೆ. ಅದರಲ್ಲಿ ಇತಿಹಾಸ, ಅರ್ಥಶಾಸ್ತ್ರದ ಜೊತೆ ವ್ಯವಹಾರ ಅಧ್ಯಯನ ಮತ್ತು ಲೆಕ್ಕಶಾಸ್ತ್ರ. ಇತಿಹಾಸದ ಬದಲು ಸಂಖ್ಯಾಶಾಸ್ತ್ರ ಬಂದರೆ ಎಸ್‌ಇಬಿಎ. ಕಾಮರ್ಸ್ ಅಂದ ತಕ್ಷಣ ಸಮಾಜ ಬಿಟ್ಟ ಹಾಗೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗಲ್ಲ.

ಇತಿಹಾಸ, ರಾಜ್ಯಶಾಸ್ತ್ರದಂಥ ವಿಷಯಗಳಿಗೆ 80 ಬರವಣಿಗೆ, 20 ಆಂತರಿಕ. ಭೂಗೋಳಕ್ಕೆ ಪ್ರಾಯೋಗಿಕ ಪರೀಕ್ಷೆ ಇದೆ, 30 ಅಂಕ. ಸ್ಥಳಾಕೃತಿ ನಕ್ಷೆ ಓದುವುದು, ಅಳತೆ, ಅಂಕಿಅಂಶದ ಚಿತ್ರ ಬಿಡಿಸುವುದು ಎಲ್ಲ ಬರುತ್ತದೆ. ಅಟ್ಲಾಸ್ ಹುಡುಗಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಕಲಾ ವಿಭಾಗವನ್ನು ಪೂರ್ತಿ ಕನ್ನಡದಲ್ಲಿ ಓದಿ ಕನ್ನಡದಲ್ಲೇ ಬರೆಯಬಹುದು.

ಒಂದು ಮಾತು ಮಾತ್ರ ಎಲ್ಲ ಪೋಷಕರಿಗೂ ಹೇಳುತ್ತೇನೆ. ಕಾಲೇಜಿನ ಬೋರ್ಡಿನಲ್ಲಿ ಬರೆದಿರುವ ಕಾಂಬಿನೇಷನ್ ನೋಡಿ ನಂಬಬೇಡಿ. ಈ ವರ್ಷ ಆ ವಿಷಯಕ್ಕೆ ಉಪನ್ಯಾಸಕರು ಇದ್ದಾರಾ, ಕಾಯಂ ಇದ್ದಾರಾ ಅತಿಥಿ ಉಪನ್ಯಾಸಕರಾ, ಕಳೆದ ವರ್ಷ ಯಾವ ತಿಂಗಳಲ್ಲಿ ಪಾಠ ಶುರುವಾಯಿತು, ಇಷ್ಟು ಕೇಳಿ. ಅಲ್ಲಿ ಎರಡನೇ ಪಿಯುಸಿ ಓದುತ್ತಿರುವ ಮಕ್ಕಳನ್ನು ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ.

ತುಂಗಾತೀರ, ತೀರ್ಥಹಳ್ಳಿ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಅವಳನ್ನು ಕೂರಿಸಿಕೊಂಡು ಆರು ಭಾಗ ಕೇಳಿದೆ. ಭೂಗೋಳ, ರಾಜ್ಯಶಾಸ್ತ್ರ ಅಂದಳು. ಇತಿಹಾಸದಲ್ಲಿ ಇಸವಿ ನೆನಪಿಡುವುದು ಬೇಜಾರಂತೆ, ಕತೆ ಇಷ್ಟವಂತೆ. ಅರ್ಥಶಾಸ್ತ್ರದ ಬಗ್ಗೆ ಸುಮ್ಮನಿದ್ದಳು.

ತೊಂದರೆ ಏನೆಂದರೆ ನಮಗೆ ಹತ್ತಿರ ಇರುವ ಕಾಲೇಜಿನಲ್ಲಿ ಭೂಗೋಳ ಇಲ್ಲ. ಇರುವ ಕಡೆಗೆ ಹೋಗಬೇಕೆಂದರೆ ಬೆಳಿಗ್ಗೆ ಆರೂವರೆ ಬಸ್ಸು. ಮಳೆಗಾಲದಲ್ಲಿ ಮರ ಬಿದ್ದರೆ ಅದೂ ಇಲ್ಲ. ಭೂಗೋಳ ಬಿಟ್ಟು ಎಚ್‌ಇಪಿಎಸ್ ತಗೊಂಡರೆ ಮುಂದೆ ಡಿಗ್ರಿಯಲ್ಲಿ ಭೂಗೋಳ ಓದಬಹುದಾ?

ಪಿಯು ಉಪನ್ಯಾಸಕಿ, ಶಿಕಾರಿಪುರ

ಸಾಮಾನ್ಯವಾಗಿ ಬಿಎಗೆ ಪಿಯುಸಿ ಪಾಸಾಗಿದ್ದರೆ ಸಾಕು, ವಿಷಯ ಬದಲಿಸಿಕೊಳ್ಳಬಹುದು. ಆದರೂ ಸೇರುವ ಕಾಲೇಜಿನ ನಿಯಮ ಒಮ್ಮೆ ಕೇಳಿ. ನಮ್ಮಲ್ಲಿ 2024-25ರಿಂದ ಬಿಎ ಮತ್ತೆ ಮೂರು ವರ್ಷ ಆಗಿದೆ, ನಡುವೆ ಇದ್ದ ನಾಲ್ಕು ವರ್ಷದ ಪದ್ಧತಿಯ ಗೊಂದಲ ಈಗಿಲ್ಲ.

ಮುಖ್ಯವಾಗಿ ಅರ್ಥಶಾಸ್ತ್ರದ ಬಗ್ಗೆ ಎಚ್ಚರ ಬೇಕು. ಅದನ್ನೇ ಆಳವಾಗಿ ಓದುವ ಆಸೆ ಇರುವ ಮಕ್ಕಳು ಪಿಯುಸಿಯಲ್ಲಿ ಗಣಿತ ಬಿಟ್ಟರೆ ಮುಂದೆ ಕೆಲವು ಬಾಗಿಲು ಮುಚ್ಚುತ್ತವೆ. ದಿಲ್ಲಿ ವಿಶ್ವವಿದ್ಯಾಲಯದ ಬಿಎ ಆನರ್ಸ್ ಅರ್ಥಶಾಸ್ತ್ರಕ್ಕೆ ಗಣಿತ ಕಡ್ಡಾಯ. ನಿಮ್ಮ ಮಗಳಿಗೆ ಅದು ಬೇಡ ಅನಿಸಿದರೆ ಚಿಂತೆ ಇಲ್ಲ. ಬೇರೆ ಮಕ್ಕಳು ಓದುತ್ತಿದ್ದರೆ ಗಮನದಲ್ಲಿರಲಿ ಅಂತ ಹೇಳಿದೆ.

ಕಪ್ಪುಕೋಟು, ಶಿವಮೊಗ್ಗ

ಕೋರ್ಟಿನ ಸುದ್ದಿ ಓದುವ ಹುಡುಗಿ ಅಂದ್ರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಕಾನೂನು ಓದುತ್ತಿರುವವನು. ಸೊರಬ ತಾಲ್ಲೂಕಿನ ಹಳ್ಳಿ, ಹತ್ತರವರೆಗೆ ಕನ್ನಡ ಮಾಧ್ಯಮ.

ಪಿಯುಸಿ ಆದ ಮೇಲೆ ಐದು ವರ್ಷದ ಬಿಎ ಎಲ್‌ಎಲ್‌ಬಿ ಇದೆ. ಯಾವ ವಿಭಾಗದಲ್ಲಿ ಪಿಯುಸಿ ಮಾಡಿದ್ದರೂ ನಡೆಯುತ್ತದೆ. ಶಿವಮೊಗ್ಗದಲ್ಲೇ ಕಾನೂನು ಕಾಲೇಜು ಇದೆ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯಲ್ಲಿ ರಾಜ್ಯದ ತುಂಬ ಕಾಲೇಜುಗಳಿವೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಂಥ ಕಡೆ ಹೋಗಬೇಕಾದರೆ ಕ್ಲ್ಯಾಟ್ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಈಗ ಅದು ಡಿಸೆಂಬರಿನಲ್ಲಿ ನಡೆಯುತ್ತದೆ, ಅಂದರೆ ಎರಡನೇ ಪಿಯುಸಿ ಮುಗಿಯುವ ಮೊದಲೇ. 120 ಪ್ರಶ್ನೆ, ಎರಡು ಗಂಟೆ. ಬೆಂಗಳೂರಿನ ಆ ಶಾಲೆಯಲ್ಲಿ ಕರ್ನಾಟಕದಲ್ಲಿ ಕನಿಷ್ಠ ಹತ್ತು ವರ್ಷ ಓದಿದವರಿಗೆ ಶೇ. 25 ಸೀಟು ಮೀಸಲಿದೆ. ಇದು ನಮ್ಮ ಕಡೆಯ ಎಷ್ಟೋ ಮಕ್ಕಳ ಕಿವಿಗೇ ಬಿದ್ದಿಲ್ಲ.

ಕಷ್ಟ ಇರುವುದು ಇಂಗ್ಲಿಷಿನಲ್ಲಿ. ಕ್ಲ್ಯಾಟ್ ಪೂರ್ತಿ ಇಂಗ್ಲಿಷ್. ಉದ್ದುದ್ದ ಪ್ಯಾರಾ ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳುತ್ತಾರೆ. ಕಾನೂನು ಮೊದಲೇ ಗೊತ್ತಿರಬೇಕು ಅಂತಿಲ್ಲ. ಓದಿ ಅರ್ಥ ಮಾಡಿಕೊಳ್ಳುವ ವೇಗ ಬೇಕು. ಹತ್ತನೇ ಕ್ಲಾಸಿನಿಂದಲೇ ದಿನಕ್ಕೆ ಒಂದು ಇಂಗ್ಲಿಷ್ ಲೇಖನ, ಪದಕೋಶ ಪಕ್ಕದಲ್ಲಿಟ್ಟುಕೊಂಡು, ಓದುವ ಅಭ್ಯಾಸ ಮಾಡಿಸಿ. ಕೋಚಿಂಗ್ ಆಮೇಲೆ ನೋಡಿದರಾಯ್ತು.

ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಅನ್ನುವ ಪರೀಕ್ಷೆ ಬೇರೆ. ಅದನ್ನು ಕನ್ನಡದಲ್ಲೂ ಬರೆಯಬಹುದು.

ಅಡಿಕೆ ತೋಟ, ಹೊಸನಗರ

ಇದೆಲ್ಲ ಸರಿ. ಬೆಂಗಳೂರಿಗೆ ಕಳಿಸುವ ಶಕ್ತಿ ಇಲ್ಲದವರು ಏನು ಮಾಡಬೇಕು? ನೂರಕ್ಕೆ ಒಬ್ಬರಿಗೆ ಆ ಸೀಟು ಸಿಗಬಹುದು. ಉಳಿದವರ ಕತೆ ಕೇಳ್ತಿದ್ದೇನೆ ನಾನು.

ಸಮಾಜ ಮೇಷ್ಟ್ರು, ಸಾಗರ

ಕೇಳಬೇಕಾದ ಪ್ರಶ್ನೆಯೇ. ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಬಿಎ ಮಾಡಿ ಸುಮ್ಮನೆ ಕಾದರೆ ಕೆಲಸ ಬರುವುದಿಲ್ಲ. ಮೇಷ್ಟ್ರಾಗಬೇಕಾದರೆ ಮೂರು ವರ್ಷದ ಡಿಗ್ರಿ, ಎರಡು ವರ್ಷದ ಬಿಎಡ್, ಎಂಟನೇ ಕ್ಲಾಸಿನವರೆಗೆ ಕಲಿಸುವವರಿಗೆ ಟಿಇಟಿ ಅನ್ನುವ ಅರ್ಹತಾ ಪರೀಕ್ಷೆ, ಆಮೇಲೆ ನೇಮಕಾತಿ. ನೇಮಕಾತಿ ವರ್ಷ ವರ್ಷ ಆಗುವುದಿಲ್ಲ, ಕಾಯಬೇಕು. ಕೆಎಎಸ್, ಪಿಡಿಒ, ಎಫ್‌ಡಿಎ ಥರದ ಸರ್ಕಾರಿ ನೌಕರಿ ಪರೀಕ್ಷೆಗಳಲ್ಲಿ ಇತಿಹಾಸ, ಸಂವಿಧಾನ, ಭೂಗೋಳ, ಅರ್ಥಶಾಸ್ತ್ರವೇ ದೊಡ್ಡ ಪಾಲು ಅನ್ನುವುದು ನಿಜ. ಅಲ್ಲಿ ಇಂಜಿನಿಯರಿಂಗ್ ಮಾಡಿದವರೂ ಕೂತು ನಮ್ಮ ಹೈಸ್ಕೂಲ್ ಸಮಾಜ ಪುಸ್ತಕ ಓದುತ್ತಾರೆ. ಆದರೆ ಎಲ್ಲರೂ ಪಾಸಾಗುವುದಿಲ್ಲ.

ಅದಕ್ಕೇ ಹೇಳುವುದು, ಆರ್ಟ್ಸ್ ಅನ್ನುವುದು ಅಂಕ ಕಡಿಮೆ ಬಂದವರು ಹೋಗುವ ಜಾಗ ಅಂತ ಭಾವಿಸಿ ಕಳಿಸಿದರೆ ನೀವು ಹೇಳಿದ ಹಾಗೇ ಆಗುತ್ತದೆ. ಬಿಎ ಮುಗಿಸಿ ಮನೆಯಲ್ಲಿ ಕೂತವರಲ್ಲಿ ಎಷ್ಟೋ ಜನ ಅದನ್ನು ಆರಿಸಿಕೊಂಡು ಹೋದವರಲ್ಲ, ಬೇರೆ ಎಲ್ಲೂ ಸಿಗದೆ ಹೋದವರು. ಆಸೆಪಟ್ಟು, ಯಾವ ವಿಷಯ ಯಾಕೆ ಅಂತ ಗೊತ್ತಿದ್ದು ಹೋಗುವ ಮಗುವಿನ ಲೆಕ್ಕವೇ ಬೇರೆ.

ಉಕ್ಕಿನ ಊರು, ಭದ್ರಾವತಿ

ನಾನು ಎಚ್‌ಇಬಿಎ ಮಾಡಿ ಬಿಕಾಂ ಮುಗಿಸಿದವಳು. ಈಗ ಸಹಕಾರಿ ಸಂಘದಲ್ಲಿ ಲೆಕ್ಕಪತ್ರ ನೋಡುತ್ತೇನೆ. ಇತಿಹಾಸವೂ ಉಳಿಯಿತು, ಕೈಗೊಂದು ಕೆಲಸವೂ ಸಿಕ್ಕಿತು. ಹೊಸನಗರದ ಅಣ್ಣನವರ ಚಿಂತೆಗೆ ಇದೂ ಒಂದು ಉತ್ತರ.

ನಮ್ಮೂರಲ್ಲಿ ಅರ್ಥಶಾಸ್ತ್ರ ಕಲಿಯಲು ದೂರ ಹೋಗಬೇಕಾಗಿಲ್ಲ. 1923ರಲ್ಲಿ ಉತ್ಪಾದನೆ ಶುರುವಾದ ಕಬ್ಬಿಣದ ಕಾರ್ಖಾನೆ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರೆಯ ನೀರು ಇದ್ದದ್ದಕ್ಕೇ ಅದು ಇಲ್ಲಿ ಬಂದದ್ದು. ಸರಿಯಾಗಿ ನೂರು ವರ್ಷಕ್ಕೆ, 2023ರಲ್ಲಿ ಮುಚ್ಚುವ ತೀರ್ಮಾನದ ಸುದ್ದಿ ಬಂತು. ಕಾಗದದ ಕಾರ್ಖಾನೆ ಅದಕ್ಕೂ ಮೊದಲೇ ನಿಂತಿತ್ತು. ಪುಸ್ತಕದಲ್ಲಿ "ಕೈಗಾರಿಕೆಗಳ ಸ್ಥಾನೀಕರಣ" ಅಂತ ಪಾಠ ಬರುತ್ತದೆ. ಕ್ವಾರ್ಟರ್ಸ್ ಖಾಲಿಯಾಗಿದ್ದು, ಅಂಗಡಿ ವ್ಯಾಪಾರ ಇಳಿದಿದ್ದು ನೋಡಿದ ಮಗುವಿಗೆ ಆ ಪಾಠ ಎರಡು ಸಲ ಓದಬೇಕಾಗಿಲ್ಲ. ನನಗೆ ಈ ವಿಷಯ ಹಿಡಿಸಿದ್ದೇ ಹಾಗೆ.

ಶರಾವತಿ ಹಿನ್ನೀರು

ಎಂಟನೇ ಕ್ಲಾಸಿನ ಹುಡುಗನಿಗೆ ಒಂದು ಮಾತು. ಎನ್‌ಎಂಎಂಎಸ್ ಅನ್ನುವ ವಿದ್ಯಾರ್ಥಿವೇತನದ ಪರೀಕ್ಷೆ ಬರೆಸಿ. ಸರ್ಕಾರಿ, ಅನುದಾನಿತ ಶಾಲೆ ಮಕ್ಕಳಿಗೆ, ಮನೆಯ ಆದಾಯ ವರ್ಷಕ್ಕೆ 3.5 ಲಕ್ಷ ದಾಟಿರಬಾರದು. ಆಯ್ಕೆಯಾದರೆ ಒಂಬತ್ತರಿಂದ ಎರಡನೇ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಅದರ ವಿಷಯ ಪತ್ರಿಕೆಯಲ್ಲಿ 90 ಪ್ರಶ್ನೆಗೆ 35 ಸಮಾಜ ವಿಜ್ಞಾನದ್ದೇ. ಗಣಿತದ್ದು 20. ಸಮಾಜ ಲೆಕ್ಕಕ್ಕಿಲ್ಲ ಅನ್ನುವವರಿಗೆ ಇದನ್ನು ತೋರಿಸಿ.

ಎರಡು ಮಕ್ಕಳ ಅಪ್ಪ, ಶಿವಮೊಗ್ಗ

ಮೇಷ್ಟ್ರೇ, ಪಹಣಿ, ಕಾಗೋಡು, ಕಾರ್ಖಾನೆ ಎಲ್ಲ ಕೇಳಲು ಚೆನ್ನಾಗಿದೆ. ಆದರೆ ಎಸ್‌ಎಸ್‌ಎಲ್‌ಸಿ ಪ್ರಶ್ನೆಪತ್ರಿಕೆಯಲ್ಲಿ ನಮ್ಮೂರ ಪಹಣಿ ಕೇಳೋದಿಲ್ಲ. ಮಕ್ಕಳಿಗೆ ಸಮಯ ಎಲ್ಲಿದೆ? ಮೊದಲು ಅಂಕ ಬರಲಿ, ಮಿಕ್ಕಿದ್ದು ಆಮೇಲೆ ಅಂತ ನನ್ನ ಅಭಿಪ್ರಾಯ.

ಸಮಾಜ ಮೇಷ್ಟ್ರು, ಸಾಗರ

ಸರ್, ಅಂಕ ಬೇಡ ಅಂತ ನಾನು ಎಲ್ಲೂ ಹೇಳಿಲ್ಲ. ಭಾರತದ ನಕ್ಷೆ ಬಿಡಿಸಿ ಜಾಗ ಗುರುತಿಸುವ ಪ್ರಶ್ನೆಗೇ 5 ಅಂಕ ಇದೆ, ಅದನ್ನು ನಾನೂ ದಿನಾ ಅಭ್ಯಾಸ ಮಾಡಿಸುತ್ತೇನೆ. ಆದರೆ ಮಳೆಯ ಪಾಠ ತಗೊಳ್ಳಿ. ಘಟ್ಟಕ್ಕೆ ಬಡಿದು ಮೋಡ ಮೇಲೇರಿ ಮಳೆ ಸುರಿಸುತ್ತದೆ, ಆಚೆ ಬದಿಗೆ ಕಡಿಮೆ ಆಗುತ್ತದೆ. ಇದನ್ನು ಬಾಯಿಪಾಠ ಮಾಡಿದ ಮಗು ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದರೆ ನಿಂತುಬಿಡುತ್ತದೆ. ಆಗುಂಬೆಯಲ್ಲಿ ಬಸ್ ಹತ್ತಿ ತೀರ್ಥಹಳ್ಳಿ, ಮಂಡಗದ್ದೆ ದಾಟಿ ಶಿವಮೊಗ್ಗಕ್ಕೆ ಬರುವಷ್ಟರಲ್ಲಿ ಕಾಡು ತೆಳುವಾಗಿ, ಮಾಡಿನ ಇಳಿಜಾರು ಕಡಿಮೆಯಾಗಿ, ಶಿಕಾರಿಪುರದ ಕಡೆ ಜೋಳದ ಹೊಲ ಬರುವುದನ್ನು ನೋಡಿದ ಮಗು ಹೇಗೆ ಕೇಳಿದರೂ ಬರೆಯುತ್ತದೆ. ಅದಕ್ಕೆ ಬೇರೆ ಸಮಯ ಬೇಕಾಗಿಲ್ಲ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿ "ಏನು ಬದಲಾಯ್ತು ಹೇಳು" ಅಂದರೆ ಸಾಕು.

ಅರ್ಥಶಾಸ್ತ್ರ ಅಂದರೆ ಸುಮ್ಮನಾದಳು ಅಂದ್ರಲ್ಲ ತುಂಗಾತೀರ ಮೇಡಂ, ಅವಳಿಗೆ ಶಿವಪ್ಪ ನಾಯಕನ "ಶಿಸ್ತು", ಅಂದರೆ ಅವನ ಕಂದಾಯ ಪದ್ಧತಿಯ ಕತೆ ಹೇಳಿ. ಕಂದಾಯ ಎಷ್ಟು ಹಾಕಬೇಕು ಅಂತ ಗೊತ್ತಾಗಲು ಪ್ರತಿ ಊರಿನಲ್ಲಿ ಒಂದೊಂದು ಬಗೆಯ ಒಂದೊಂದು ಜಮೀನನ್ನು 12 ವರ್ಷ ತಾನೇ ಬೇಸಾಯ ಮಾಡಿಸಿ, ಬೀಜ ಎಷ್ಟು, ಬೆಳೆ ಎಷ್ಟು, ಪೇಟೆ ಬೆಲೆ ಎಷ್ಟು ಅಂತ ಬರೆಸಿ, ಸರಾಸರಿ ತೆಗೆದು ಮೂರನೇ ಒಂದು ಭಾಗ ಅಂತ ಗೊತ್ತು ಮಾಡಿದ. ಕೆಳದಿಯ ಅರಸ, ಹದಿನೇಳನೇ ಶತಮಾನ. ಅರ್ಥಶಾಸ್ತ್ರ ಅಂದರೆ ಬರೀ ರೇಖಾಚಿತ್ರ ಅಲ್ಲ ಅಂತ ಅವಳಿಗೆ ಅನಿಸಬಹುದು. ಕೆಳದಿಯಲ್ಲಿ ವಸ್ತುಸಂಗ್ರಹಾಲಯವಿದೆ, ತಾಳೆಗರಿಗಳನ್ನು ಕಾಪಾಡಿಟ್ಟಿದ್ದಾರೆ, ಸಾಗರದ ಕಡೆ ಬಂದರೆ ಕರೆದುಕೊಂಡು ಬನ್ನಿ.

ಪಿಯು ಉಪನ್ಯಾಸಕಿ, ಶಿಕಾರಿಪುರ

ನಮ್ಮ ತಾಲ್ಲೂಕಿನ ಈಸೂರಿಗೂ ಬನ್ನಿ. 1942ರಲ್ಲಿ ಊರಿನವರು ತಮ್ಮದೇ ಸರ್ಕಾರ ಅಂತ ಘೋಷಿಸಿಕೊಂಡರು, 1943ರಲ್ಲಿ ಐವರನ್ನು ಗಲ್ಲಿಗೇರಿಸಿದರು. ಅದೇ ತಾಲ್ಲೂಕಿನಲ್ಲೇ ತಾಳಗುಂದ. ಪ್ರಣವೇಶ್ವರ ದೇವಸ್ಥಾನದ ಮುಂದೆ ಕದಂಬರ ಕಂಬಶಾಸನ ಇದೆ. ಮಯೂರಶರ್ಮ ಓದಲು ಕಂಚಿಗೆ ಹೋಗಿ, ಅಲ್ಲಿ ಅವಮಾನವಾಗಿ, ಕತ್ತಿ ಹಿಡಿದ ಕತೆ ಅದರಲ್ಲೇ ಇದೆ. ಇಸವಿ ಬೇಜಾರು, ಕತೆ ಇಷ್ಟ ಅನ್ನುವ ಹುಡುಗಿಗೆ ಇಷ್ಟು ಸಾಕು. ಇತಿಹಾಸ ಬಿಡಿಸಬೇಡಿ.

ತುಂಗಾತೀರ, ತೀರ್ಥಹಳ್ಳಿ

ಎಲ್ಲರ ಮಾತೂ ಅವಳಿಗೆ ಓದಿ ಹೇಳಿದೆ. ಕ್ಲ್ಯಾಟ್ ಅಂದಾಗ ಕಣ್ಣರಳಿತು, ಇಂಗ್ಲಿಷ್ ಅಂದಾಗ ಸ್ವಲ್ಪ ಅಳುಕಿದಳು. ದಿನಕ್ಕೊಂದು ಲೇಖನ ಓದುತ್ತೇನೆ ಅಂದಿದ್ದಾಳೆ.

ಈಗ ನಾವು ಯೋಚಿಸಿರುವುದು ಹೀಗೆ. ಭೂಗೋಳ, ರಾಜ್ಯಶಾಸ್ತ್ರ ಎರಡೂ ಇರುವ ಕಾಲೇಜು ಶಿವಮೊಗ್ಗದಲ್ಲಿ ನೋಡುವುದು. ಹಾಸ್ಟೆಲ್ ಸಿಕ್ಕರೆ ಅಲ್ಲಿಗೆ. ಸಿಗದಿದ್ದರೆ ಇಲ್ಲೇ ಎಚ್‌ಇಪಿಎಸ್. ಮಗನಿಗೆ ಎನ್‌ಎಂಎಂಎಸ್ ಅರ್ಜಿ ಹಾಕಿಸುತ್ತೇನೆ. ಹಿಂದುಳಿದ ವರ್ಗದ ಹಾಸ್ಟೆಲ್ಲಿಗೆ ಏನೇನು ಬೇಕು ಅಂತ ಯಾರಾದರೂ ಹೇಳುತ್ತೀರಾ?

ಉಕ್ಕಿನ ಊರು, ಭದ್ರಾವತಿ

ಅಕ್ಕ, ನಾನು ಆ ಹಾಸ್ಟೆಲ್ಲಲ್ಲೇ ಇದ್ದು ಓದಿದವಳು. ಅರ್ಜಿ ಈಗ ರಾಜ್ಯ ಹಾಸ್ಟೆಲ್ ಪೋರ್ಟಲ್‌ನಲ್ಲಿ ಆನ್‌ಲೈನ್. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಕೇಳುತ್ತದೆ. ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದ ಮೇಲೆ ನಾಡಕಚೇರಿಯಲ್ಲಿ ಜನ ಜಾಸ್ತಿ, ಸರ್ವರ್ ನಿಧಾನ. ಪ್ರಮಾಣಪತ್ರದ ಅವಧಿ ಮುಗಿದಿದೆಯಾ ಅಂತ ಈಗಲೇ ನೋಡಿ, ಮುಗಿದಿದ್ದರೆ ಫೆಬ್ರವರಿ ಒಳಗೆ ಹೊಸದು ಮಾಡಿಸಿಡಿ. ಆಧಾರ್‌ನಲ್ಲಿರುವ ಹೆಸರು, ಶಾಲೆ ದಾಖಲೆಯ ಹೆಸರು ಒಂದೇ ಥರ ಇರಬೇಕು, ಇನಿಷಿಯಲ್ ಸಹ.

ಅಡಿಕೆ ತೋಟ, ಹೊಸನಗರ

ಶಿವಮೊಗ್ಗದಲ್ಲಿ ಭೂಗೋಳ ಯಾವ ಕಾಲೇಜಿನಲ್ಲಿದೆ ಅಂತ ಗೊತ್ತಾದರೆ ಇಲ್ಲೇ ಬರೆಯಿರಿ ಅಕ್ಕ. ನನ್ನ ತಮ್ಮನ ಮಗಳೂ ಈ ವರ್ಷ ಹತ್ತನೇ ಕ್ಲಾಸು. ಅವಳೂ ಅಟ್ಲಾಸ್ ಹಿಡಿದೇ ಕೂರುತ್ತಾಳೆ.